ಮೋರ್ಚಿಂಗಿನ ಮೊಮ್ಮಗ

ಭಾದ್ರಪದದ ಚೌತಿಗೆ ಇನ್ನೂ ಹತ್ತು ದಿನವಿರುವಾಗಲೇ ಶಿವಮೊಗ್ಗೆಯ ಕೇರಿಕೇರಿಗಳಲ್ಲಿ ವಾದ್ಯಗೋಷ್ಠಿಯವರ ತಾಲೀಮು ಆರಂಭವಾಗುವುದು ವಾಡಿಕೆ. ಅಂಥದೊಂದು ಸಂಜೆ, ಮಳೆ ಹನಿಗಡಿದಿದ್ದರೂ ರಾಗಿಗುಡ್ಡದ ನೆತ್ತಿಯನ್ನು ಮೋಡವಿನ್ನೂ ಬಿಟ್ಟು ಕದಲದಿದ್ದ ಹೊತ್ತಿನಲ್ಲಿ, ಕೊಡೆಯನ್ನೇ ಊರುಗೋಲಾಗಿಸಿಕೊಂಡು ಮನೆಗೆ ಮರಳುತ್ತಿದ್ದ ನನಗೆ, ನಮ್ಮ ಬೀದಿಯ ತಿರುವಿನ ಮಾಳಿಗೆಯ ಮನೆಯಿಂದ ಒಂದು ಅಪೂರ್ವವಾದ ನಾದವು ಕೇಳಿಬಂದಿತು. ಯಾರೋ ಮೋರ್ಚಿಂಗ್ ನುಡಿಸುತ್ತಿರುವರೆಂದು ಮೊದಲು ಭ್ರಮಿಸಿದೆ. ಆದರೆ ಹಲ್ಲಿಗೆ ಆನಿಸಿ ಬೆರಳಿನಿಂದ ಮಿಡಿಯುವ ಆ ಅಂಗೈಯಗಲದ ಕಬ್ಬಿಣಕ್ಕೆ ಕಿಟಕಿಯ ಗಾಜನ್ನೂ ಕೇಳುವವನ ಎದೆಗೂಡನ್ನೂ ಏಕಕಾಲದಲ್ಲಿ ಅದುರಿಸುವ ಗಾತ್ರವು ಎಲ್ಲಿಂದ ಬರಬೇಕು? ಕೋಣವೊಂದು ಮೋರ್ಚಿಂಗ್ ಕಲಿತಿದ್ದರೆ ಹೀಗೆ ನುಡಿಸೀತೆಂದು ಒಳಗೊಳಗೆ ನಗುತ್ತ, ಪರಿಚಯದ ಮನೆಯೇ ಆದುದರಿಂದ ಸಂಕೋಚಪಡದೆ ಮೆಟ್ಟಿಲು ಹತ್ತಿದೆನು. (ರಾಗಿಗುಡ್ಡವೆಂದೊಡನೆ ಬೆಂಗಳೂರಿನವರು ತಮ್ಮ ಜಯನಗರದ ಆಂಜನೇಯಸ್ವಾಮಿಯ ಗುಡ್ಡವನ್ನು ನೆನೆಯುವರು, ನಾನು ಹೇಳುತ್ತಿರುವುದು ನಮ್ಮ ತುಂಗೆಯ ಊರಿನ ರಾಗಿಗುಡ್ಡವನ್ನು.)

ಮಾಳಿಗೆಯಲ್ಲಿ ಇಪ್ಪತ್ತರ ಆಸುಪಾಸಿನ ಯುವಕನೊಬ್ಬನು ನಾಲ್ಕು ತಂತಿಯ ಬೇಸ್ ಗಿಟಾರನ್ನು ಕೊರಳಿಗೆ ತೂಗಿಕೊಂಡು ನಿಂತಿದ್ದನು. ಅವನ ಬಲಗಾಲಿನ ಹೆಬ್ಬೆರಳಿನ ಮುಂದೆ, ನಮ್ಮ ಮಲೆನಾಡಿನ ಹಿರಿಯರು ಮಡಿಲಲ್ಲಿಟ್ಟುಕೊಳ್ಳುತ್ತಿದ್ದ ಎಲೆಯಡಿಕೆಯ ಡಬ್ಬಿಗಿಂತ ತುಸುವೂ ದೊಡ್ಡದಲ್ಲದ ಲೋಹದ ಪೆಟ್ಟಿಗೆಯೊಂದಿತ್ತು: ಮೇಲೆ ಮೂರು ತಿರುಗುಗುಬಟೆಗಳು, ಒಂದು ಕೆಂಪು ದೀಪ, ಕಾಲಿನಿಂದ ತುಳಿಯಲು ಒಂದು ಗುಂಡಿ, ಎಡಬಲಗಳಲ್ಲಿ ಎರಡು ತಂತಿ. ಇದೇನೆಂದು ಕೇಳಲು "ಎನ್ವಲಪ್ ಫಿಲ್ಟರ್ ಸಾರ್" ಎಂದನು. ನಮ್ಮ ಕಾಲದವರಿಗೆ ಎನ್ವಲಪ್ ಎಂದರೆ ಅಂಚೆಯ ಲಕೋಟೆ, ಫಿಲ್ಟರ್ ಎಂದರೆ ಕಾಫಿ; ಇವೆರಡನ್ನೂ ಕೂಡಿಸಿ ನಾನು ಮನಸ್ಸಿನಲ್ಲಿ ಚಿತ್ರಿಸಿಕೊಂಡ ಯಂತ್ರವು ಯಾವ ವಾದ್ಯಗೋಷ್ಠಿಗೂ ಉಪಯೋಗಕ್ಕೆ ಬರುವಂತಿರಲಿಲ್ಲ. ಅಂದಿನಿಂದ ಮೊದಲ್ಗೊಂಡು ಹಬ್ಬ ಮುಗಿಯುವವರೆಗೆ, ಈ ಪೆಟ್ಟಿಗೆಯ ವಿಷಯದಲ್ಲಿ ಸಿಕ್ಕಸಿಕ್ಕ ವಾದ್ಯಗಾರರನ್ನೆಲ್ಲ ಪೀಡಿಸಿ ಕೇಳಿದುದೇ ಈ ಲೇಖನಕ್ಕೆ ಮೂಲ.

ಇಲ್ಲಿ ಎನ್ವಲಪ್ ಎಂದರೆ ಧ್ವನಿಯ ಹೊರರೇಖೆ. ಒಂದು ಸ್ವರವು ಹುಟ್ಟುವುದು, ಉಬ್ಬುವುದು, ಕ್ಷಯಿಸುವುದು, ಅಡಗುವುದು ಎಂಬ ಏರಿಳಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆದರೆ ಯಾವ ಆಕೃತಿ ಬರುವುದೋ ಅದು. ದೇವಾಲಯದ ಗಂಟೆಯದು ಥಟ್ಟನೆ ನೆಟ್ಟಗೆ ಏರಿ ಬಹುದೂರ ಇಳಿಜಾರಾಗಿ ಸಾಗುವ ರೇಖೆ. ನಾಗಸ್ವರದ್ದು ಮೇಜಿನಂತೆ ಸಮತಲ. ಗಿಟಾರಿನ ತಂತಿಯದು ಗಂಟೆಯ ಜಾತಿಗೆ ಸೇರಿದುದು. ಪೆಟ್ಟಿಗೆಯೊಳಗಿನ ಒಂದು ಮಂಡಲವು ಈ ರೇಖೆಯನ್ನು ಕ್ಷಣಕ್ಷಣಕ್ಕೂ ಅಳೆಯುತ್ತಿರುತ್ತದೆ. ತಂತಿಯಿಂದ ಬಂದ ವಿದ್ಯುತ್ಕಂಪನವನ್ನು ಏಕಮುಖವಾಗಿಸಿ, ಅದರ ಮೊನಚುಗಳನ್ನು ಸವರಿ ನುಣ್ಣಗೆ ಮಾಡಿದರೆ ಉಳಿಯುವುದು ಬರಿಯ ಬಲದ ಅಳತೆ: ಈಗ ಜೋರು, ಈಗ ಮೆಲ್ಲಗೆ. ಈ ಅಳತೆಯೇ ಇನ್ನೊಂದು ಮಂಡಲಕ್ಕೆ ಅಪ್ಪಣೆಯಾಗುತ್ತದೆ. ಆ ಎರಡನೆಯದೇ ಶೋಧಕ, ಅರ್ಥಾತ್ ಫಿಲ್ಟರ್. ನಾದದಲ್ಲಡಗಿರುವ ಮಂದ್ರದ ಅಂಶಗಳನ್ನು ಬಿಟ್ಟುಕೊಂಡು ತೀಕ್ಷ್ಣಾಂಶಗಳನ್ನು ತಡೆಯುವ, ಅಥವಾ ನಡುವಿನ ಒಂದು ಪಟ್ಟಿಯನ್ನು ಮಾತ್ರ ಆದರಿಸಿ ಮಿಕ್ಕುದನ್ನು ಹೊರಗಿಡುವ ದ್ವಾರಪಾಲಕನೆನ್ನಬಹುದು. ಬಲವಾಗಿ ಮೀಟಿದರೆ ಬಾಗಿಲು ಅಗಲವಾಗಿ ತೆರೆಯುತ್ತದೆ; ಸ್ವರ ಕ್ಷೀಣಿಸಿದಂತೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಹೀಗೆ ಬಾಗಿಲು ತೆರೆದು ಮುಚ್ಚುವುದರಿಂದ 'ವಾ' ಎಂಬ ಅಕ್ಷರವು ಏಕೆ ಕೇಳಿಸಬೇಕೆಂಬುದಕ್ಕೆ ಉತ್ತರವು ನಮ್ಮ ಬಾಯಲ್ಲಿಯೇ ಇದೆ. ಶಬ್ದದ್ರವ್ಯವು ಜೀವನ ಇಚ್ಛೆಯಿಂದಲೂ ಅನುಕೂಲವಾದ ಗಾಳಿಯಿಂದಲೂ ನಾಭಿಯ ಮೂಲದಲ್ಲಿ ಕಹಳೆಯ ರೀತಿಯಲ್ಲಿ ಹುಟ್ಟುವುದೆಂದೂ ಅದರ ಬಣ್ಣ ಬಿಳಿದೆಂದೂ ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಹೇಳಿರುವನು. ಬಣ್ಣದ ಮಾತು ವಿನೋದವಾಗಿ ತೋರಬಹುದು. ಆದರೆ ಕೊರಳಿನಿಂದ ಹೊರಟ ದನಿಯಲ್ಲಿ ಎಲ್ಲ ಅಂಶಗಳೂ ಬೆರೆತಿದ್ದು, ಬಾಯಿಯ ಗುಹೆಯು ಅದರಲ್ಲಿ ಕೆಲವನ್ನು ಆಯ್ದು ಬೆಳೆಸಿ ಅಕ್ಷರವಾಗಿಸುವುದೆಂಬ ಇಂದಿನ ಧ್ವನಿಶಾಸ್ತ್ರದ ಮಾತಿಗೆ, ಬೆಳ್ಳಗಿನ ಬೆಳಕಿನಿಂದ ಬಣ್ಣಗಳನ್ನು ಆಯ್ದಂತೆ ಎಂಬುದಕ್ಕಿಂತ ಒಳ್ಳೆಯ ಉಪಮೆಯನ್ನು ನಾನು ಕಾಣೆ. ತುಟಿಗಳನ್ನು ದುಂಡಗೆ ಮಾಡಿ ಉಕಾರವನ್ನು ಉಚ್ಚರಿಸುವಾಗ ಬಾಯಿ ತೀಕ್ಷ್ಣಾಂಶಗಳನ್ನು ನುಂಗಿಬಿಡುತ್ತದೆ. ಅಕಾರಕ್ಕೆ ಬಾಯಿ ತೆರೆದೊಡನೆ ಅವು ಹೊರಬರುತ್ತವೆ. ಕೆಲವು ನೂರು ಹರ್ಟ್ಸುಗಳಿಂದ ಸಾವಿರ, ಎರಡು ಸಾವಿರ ಹರ್ಟ್ಸುಗಳವರೆಗೆ ಶೋಧಕದ ಶಿಖರವು ಜಾರಿದರೆ ನಮ್ಮ ಕಿವಿಯು ಅಭ್ಯಾಸಬಲದಿಂದ ಅದನ್ನು ಬಾಯಿ ತೆರೆಯುವ ಕ್ರಿಯೆಯೆಂದೇ ತಿಳಿಯುವುದು. ಉಕಾರಕ್ಕೆ ಅಕಾರ ಪರವಾದರೆ ವಕಾರವು ಆದೇಶವಾಗಿ ಬರುವುದೆಂಬ ಯಣ್ ಸಂಧಿಯ ಸೂತ್ರವನ್ನು ಬಾಲ್ಯದಲ್ಲಿ 'ಮನು, ಅಂತರ, ಮನ್ವಂತರ' ಎಂದು ಗಿಣಿಪಾಠ ಒಪ್ಪಿಸಿದ ನನಗೆ, ಒಂಬತ್ತು ವೋಲ್ಟಿನ ಪೆಟ್ಟಿಗೆಯೊಂದು ಪ್ರತಿ ಮೀಟಿಗೂ ಯಣ್ ಸಂಧಿ ಮಾಡಿ ತೋರಿಸುತ್ತಿದೆಯೆಂದು ಹೊಳೆದ ದಿನ ಉಂಟಾದ ಹರ್ಷವನ್ನು ಮನೆಯವರಾರೂ ಹಂಚಿಕೊಳ್ಳಲಿಲ್ಲ.

ಮೋರ್ಚಿಂಗಿನ ಭ್ರಮೆಯೂ ನಿರಾಧಾರವಲ್ಲವೆಂದು ಈಗ ತಿಳಿಯಿತು. ಚಂದ್ರಗುತ್ತಿಯ ಜಾತ್ರೆಯಲ್ಲಿ ಜೋಗತಿಯರು ನುಡಿಸುವ ಚೌಡಿಕೆಯಾಗಲಿ, ನಡು ಹಿಂಡಿ ಬಾರಿಸುವ ಉಡುಕೆಯಾಗಲಿ, ಮೃದಂಗದ ಎಡದಲೆಯ ಗುಮುಕಿಯಾಗಲಿ ಕೇಳುವುದಕ್ಕೆ ಈ ಪೆಟ್ಟಿಗೆಯ ಬಂಧುಗಳಂತೆ ತೋರಿದರೂ, ಅವುಗಳಲ್ಲಿ ಬಿಗಿತ ಬದಲಾಗಿ ಶ್ರುತಿಯೇ ಮೇಲೆ ಕೆಳಗೆ ಜಾರುವುದು. ಮೋರ್ಚಿಂಗಿನಲ್ಲಿ ಹಾಗಲ್ಲ. ನಾಲಗೆಯಾಕಾರದ ಆ ಉಕ್ಕಿನ ಪಟ್ಟಿಗೆ ಇರುವುದು ಒಂದೇ ಶ್ರುತಿ, ಅದು ಕದಲದು. ವಾದಕನು ನಿಜವಾದ ನಾಲಗೆಯನ್ನು ಹಿಂದೆ ಮುಂದೆ ಸರಿಸಿ ಬಾಯಿಯ ಆಕಾರವನ್ನು ಬದಲಿಸುವುದರಿಂದ ನಾದದ ಬಣ್ಣ ಮಾತ್ರ ಬದಲಾಗುತ್ತದೆ. ಬೆಂಗಳೂರಿನ ಎಲ್. ಭೀಮಾಚಾರ್ ಅವರ ಮೋರ್ಚಿಂಗ್ ವಾದನವನ್ನು ಕೇಳಿದವರಿಗೆ, ಏಕಸ್ವರದ ಕಬ್ಬಿಣದಿಂದ ಎಷ್ಟು ಬಗೆಯ ಮಾತುಗಳನ್ನು ಹೊರಡಿಸಬಹುದೆಂಬುದನ್ನು ವಿವರಿಸಬೇಕಾಗಿಲ್ಲ. ಗಿಟಾರಿನವರ ಪೆಟ್ಟಿಗೆ ಮಾಡುವುದೂ ಇದನ್ನೇ: ಶ್ರುತಿಯನ್ನು ಮುಟ್ಟದೆ ಬಣ್ಣವನ್ನು ಬದಲಿಸುವುದು.

ಇದಕ್ಕೊಬ್ಬ ಅಣ್ಣನಿದ್ದಾನೆ. 1966–67ರ ಸುಮಾರಿಗೆ ಅಮೆರಿಕದಲ್ಲಿ ರೂಪುಗೊಂಡ ವಾ-ವಾ ಪೆಡಲ್ ಎಂಬುದರಲ್ಲಿ ಶೋಧಕವನ್ನು ತೆರೆದು ಮುಚ್ಚುವ ಕೆಲಸ ಕಾಲಿನದು. ಹೊಲಿಗೆಯಂತ್ರದ ತುಳಿಹಲಗೆಯಂತೆ ಅದನ್ನು ಹಿಮ್ಮಡಿ ಮುಂಗಾಲುಗಳಿಂದ ತೂಗಬೇಕು. ಕಾಲಿನ ಈ ಊಳಿಗವನ್ನು ತಪ್ಪಿಸಿ ಬೆರಳಿನ ಬಲಕ್ಕೇ ಅಧಿಕಾರವನ್ನು ಕೊಟ್ಟು ಪ್ರಸಿದ್ಧವಾದುದು 1972ರಲ್ಲಿ ಮ್ಯೂಸಿಟ್ರಾನಿಕ್ಸ್ ಎಂಬ ಸಂಸ್ಥೆಯಿಂದ ಹೊರಬಂದ ಮ್ಯೂ-ಟ್ರಾನ್ 3. ಮೈಕ್ ಬೈಗೆಲ್ ಎಂಬ ಇಂಜಿನಿಯರು ಮೊದಲು ಕೈಹಾಕಿದ್ದುದು ಪೂರ್ಣಪ್ರಮಾಣದ ಸಿಂಥಸೈಜರಿಗೆ. ಅದು ಕೈಗೂಡದೆ ಹೋಗಲಾಗಿ ಅದರ ಒಂದು ಅಂಗವಾದ ಶೋಧಕವನ್ನೇ ಬಿಡಿಯಾಗಿ ಪೆಟ್ಟಿಗೆಗಿಳಿಸಿದನೆಂದು ಹೇಳುವರು. ಮರುವರ್ಷವೇ, ಅಂದರೆ 1973ರಲ್ಲಿ, ಸ್ಟೀವಿ ವಂಡರ್ ತನ್ನ ಕ್ಲಾವಿನೆಟ್ ಎಂಬ ಕೀಲಿಮಣೆ ವಾದ್ಯವನ್ನು ಇದರ ಮೂಲಕ ಹಾಯಿಸಿ 'ಹೈಯರ್ ಗ್ರೌಂಡ್' ಎಂಬ ಗೀತೆಯನ್ನು ಧ್ವನಿಮುದ್ರಿಸಿದನು. ಬೂಟ್ಸಿ ಕಾಲಿನ್ಸನು ಬೇಸ್ ಗಿಟಾರಿಗೆ ಇದನ್ನು ಜೋಡಿಸಿ ತನ್ನ ನುಡಿಗಾರಿಕೆಯ ಮುದ್ರೆಯನ್ನೇ ಇದರಿಂದ ಮಾಡಿಕೊಂಡನು. ಜೆರ್ರಿ ಗಾರ್ಸಿಯಾ 1977ರ 'ಎಸ್ಟಿಮೇಟೆಡ್ ಪ್ರಾಫೆಟ್' ಎಂಬ ಹಾಡಿನಲ್ಲಿ ಗಿಟಾರನ್ನು ಇದರಿಂದ ಮಾತನಾಡಿಸಿದನು. ಆ ಮೂಲ ಯಂತ್ರವಾದರೋ ಕಿಟೆಲರ ನಿಘಂಟನ್ನು ನೆನಪಿಗೆ ತರುವ ಗಾತ್ರದ್ದು. 1978ರಲ್ಲಿ ಜಪಾನಿನ ಬಾಸ್ ಸಂಸ್ಥೆಯ ಟಚ್ ವಾ, ಮುಂದೆ ಡಿ.ಓ.ಡಿ.ಯವರ ಎಫ್‌ಎಕ್ಸ್ 25, ತರುವಾಯ ಅದೇ ಬೈಗೆಲನು ಎಲೆಕ್ಟ್ರೋ-ಹಾರ್ಮೋನಿಕ್ಸ್‌ಗಾಗಿ ರಚಿಸಿದ ಕ್ಯೂ-ಟ್ರಾನ್ ಮತ್ತು ಅದರ ಪುಟ್ಟ ರೂಪವಾದ ಮೈಕ್ರೋ ಕ್ಯೂ-ಟ್ರಾನ್, ಹೀಗೆ ನಿಘಂಟು ಸಂಕ್ಷೇಪಗೊಳ್ಳುತ್ತ ಬಂದು ಎಲೆಯಡಿಕೆಯ ಡಬ್ಬಿಯಾಯಿತು.

ರಾಗಿಗುಡ್ಡದ ಮಾಳಿಗೆಗೂ ಈ ಅಮೆರಿಕದ ಕಥೆಗೂ ಸಂಬಂಧವೇನೆಂದು ಕೇಳುವವರುಂಟು. ಸಂಬಂಧದ ಸೇತುವೆ ಚಲನಚಿತ್ರಗೀತೆಯೇ. ಜಿ. ಕೆ. ವೆಂಕಟೇಶ್ ಅವರು 1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದಲ್ಲಿ ರಾಜಕುಮಾರರಿಂದ ಪಾಶ್ಚಾತ್ಯ ಧಾಟಿಯ ಗೀತೆಯನ್ನು ಹಾಡಿಸಿದಾಗ ಊರೂರಿನ ಯುವಕರು ಗಿಟಾರಿಗೆ ಹಾತೊರೆದುದನ್ನು ನಾನು ಬಲ್ಲೆ. ಅದೇ ವೆಂಕಟೇಶರ ಬಳಿ ಗಿಟಾರ್ ನುಡಿಸುತ್ತ ಸಹಾಯಕರಾಗಿ ಪಳಗಿದ ಇಳಯರಾಜರು 1981ರಲ್ಲಿ ಶಂಕರನಾಗರ 'ಗೀತಾ' ಚಿತ್ರಕ್ಕೆ ಸಂಗೀತ ನೀಡಿದರು. ಆ ಚಿತ್ರದ 'ಸಂತೋಷಕ್ಕೆ' ಎಂಬ ಹಾಡಿಲ್ಲದೆ ನಮ್ಮ ಜಿಲ್ಲೆಯಲ್ಲಿ ಗಣಪತಿಯನ್ನು ನೀರಿಗೆ ಬಿಡುವುದು ಶಾಸ್ತ್ರಸಮ್ಮತವಲ್ಲವೋ ಏನೋ ಎಂಬಂತಾಗಿದೆ. ಅದರಲ್ಲಿ ಬೇಸ್ ಗಿಟಾರು ಹಿಂದೆ ನಿಂತು ತಾಳ ಹಿಡಿಯುವ ಸೇವಕನಲ್ಲ. ಮುಂದೆ ಬಂದು ಕುಣಿಯುವ ಪಾತ್ರಧಾರಿ. ಮಾಳಿಗೆಯ ಯುವಕನು ಪೆಟ್ಟಿಗೆಯನ್ನು ತರಿಸಿಕೊಂಡುದೂ ಈ ಒಂದು ಹಾಡಿಗಾಗಿಯೇ. ಮೂಲದಲ್ಲಿ ಇಂಥ ಪೆಟ್ಟಿಗೆಯ ನಾದವಿದೆಯೇ ಎಂದು ಕೇಳಿದುದಕ್ಕೆ "ಇರಲಿ ಬಿಡಲಿ ಸಾರ್, ಕುಣಿಯೋರಿಗೆ ಬೇಕು" ಎಂದನು.

ಅವನ ತಂಡದಲ್ಲಿಯೇ ಈ ವಿಷಯದಲ್ಲಿ ಒಮ್ಮತವಿರಲಿಲ್ಲ. ನನ್ನ ಅನುಭವದಲ್ಲಿ ವಾದ್ಯಗಾರರು ಇತರ ಪೆಡಲ್‌ಗಳನ್ನು ಕುರಿತು ಮಾತನಾಡುವಾಗ 'ಒಳ್ಳೆಯದು', 'ಸುಮಾರು', 'ದುಬಾರಿ' ಎಂದು ಮುಗಿಸುವರು. ಇದರ ಮಾತೆತ್ತಿದರೆ ಮಾತ್ರ ಜಗಳವಾಡುವರು. ಭದ್ರಾವತಿಯ ಕಾರ್ಖಾನೆಯ ವಸತಿಗಳಲ್ಲಿ ಮೂವತ್ತು ವರ್ಷ ಗಿಟಾರ್ ನುಡಿಸಿದ ಹಿರಿಯರೊಬ್ಬರು ಇದನ್ನು 'ಬಾತುಕೋಳಿ' ಎಂದೇ ಕರೆಯುವರು. ಹಾಡಿನಲ್ಲಿ ಒಂದು ಸಲ ಕೂಗಿದರೆ ಚೆಂದ, ಎರಡನೆಯ ಸಲ ಕೂಗಿದರೆ ಕೊಳದ ನೆನಪಾಗುತ್ತದೆ ಎಂಬುದು ಅವರ ತೀರ್ಪು. ಚರ್ಚಿನ ಗಾಯನವೃಂದದಲ್ಲಿ ಗಿಟಾರ್ ನುಡಿಸುವ ಗೃಹಸ್ಥರೊಬ್ಬರು, ಆರು ತಂತಿಗಳನ್ನು ಒಟ್ಟಿಗೆ ಸವರಿದರೆ ಇದು ಗಲಿಬಿಲಿಗೊಳ್ಳುವುದೆಂದೂ, ಒಂದೊಂದೇ ತಂತಿಯನ್ನು ಬಿಡಿಸಿ ನುಡಿಸುವವನಿಗೆ ಮಾತ್ರ ಒಲಿಯುವುದೆಂದೂ ಹೇಳಿದರು. ಧ್ವನಿವರ್ಧಕದ ಹಲಗೆಯ ಹಿಂದೆ ಕುಳಿತುಕೊಳ್ಳುವವನದು ಬೇರೆಯೇ ತಾಪತ್ರಯ: ಪೆಟ್ಟಿಗೆ ತೆರೆದಾಗ ದನಿ ಒಮ್ಮೆಲೆ ನುಗ್ಗುವುದು, ಮುಚ್ಚಿದಾಗ ಅಡಗುವುದು, ಅವನ ಬೆರಳು ಸದಾ ಗುಬಟೆಯ ಮೇಲಿರಬೇಕು. ಬೆಂಗಳೂರಿನ ಕಾಲೇಜು ತಂಡವೊಂದರಲ್ಲಿ ಬೇಸ್ ನುಡಿಸುವ ನನ್ನ ಮಿತ್ರರ ಮಗಳಿಗಾದರೋ ಇದಿಲ್ಲದೆ ವೇದಿಕೆಯೇ ಇಲ್ಲ. 1996ರಷ್ಟು ಹಿಂದೆಯೇ ಥರ್ಮಲ್ ಅಂಡ್ ಎ ಕ್ವಾರ್ಟರ್‌ನಂಥ ತಂಡ ಹುಟ್ಟಿ ಬೆಳೆದ ಊರಿನಲ್ಲಿ ಫಂಕ್ ಎಂಬ ಶೈಲಿಗೆ ಶ್ರೋತೃಗಳು ಸಿದ್ಧರಾಗಿಯೇ ಇರುವರೆಂದೂ, ಶಿವಮೊಗ್ಗೆಯವರು ಇನ್ನೂ ತಲೆ ತೂಗುವುದಕ್ಕೆ ರಾಗವನ್ನೇ ಕಾಯುವರೆಂದೂ ಅವಳ ಅಭಿಪ್ರಾಯ. ಶಿವಮೊಗ್ಗ ಸುಬ್ಬಣ್ಣನವರ ಕಂಠದಿಂದ ಭಾವಗೀತೆಯನ್ನು ಕೇಳಿ ಬೆಳೆದ ಊರಿಗೆ ಈ ಆರೋಪವನ್ನು ಹೊರುವುದರಲ್ಲಿ ಅವಮಾನವೇನೂ ಇಲ್ಲವೆಂದು ನಾನು ಉತ್ತರಿಸಿದೆ.

ಬೇಸ್ ನುಡಿಸುವವರ ಮುಖ್ಯ ದೂರು ಗಂಭೀರವಾದುದು. ಅದರ ಬಳಿ ತುಸು ನಿಲ್ಲಬೇಕು. ಗಿಟಾರಿನ ಅತಿ ದಪ್ಪನೆಯ ತಂತಿಯು ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸಿದರೆ, ಬೇಸ್ ಗಿಟಾರಿನದು ಅದರ ಅರ್ಧ, ಸುಮಾರು 41 ಬಾರಿ. ಐದು ತಂತಿಯದಾದರೆ ಕೊನೆಯದು 31ಕ್ಕೆ ಇಳಿಯುತ್ತದೆ. ಗಿಟಾರಿಗಾಗಿ ಮಾಡಿದ ಶೋಧಕವು ನಡುವಿನ ಪಟ್ಟಿಯೊಂದನ್ನು ಮಾತ್ರ ಬಿಟ್ಟುಕೊಂಡಿತೆಂದರೆ, ಈ ಬುಡದ ಕಂಪನವೇ ಹೊರಗುಳಿದು, ಮರದ ಕೊಂಬೆಗಳು ಮಾತ್ರ ಆಕಾಶದಲ್ಲಿ ನೇತಾಡಿದಂತಾಗುವುದು. ಆಲಿಸಲು ಬಂದವನಿಗೆ 'ವಾ' ಕೇಳಿಸುತ್ತದೆ, ನೆಲ ಕೇಳಿಸುವುದಿಲ್ಲ. ಆದಕಾರಣವೇ ಬೇಸಿಗೆಂದು ಪ್ರತ್ಯೇಕವಾಗಿ ಮಾಡಿದ ಪೆಟ್ಟಿಗೆಗಳಲ್ಲಿ ಶುದ್ಧನಾದವನ್ನೂ ಶೋಧಿತನಾದವನ್ನೂ ಬೇಕಾದ ಪ್ರಮಾಣದಲ್ಲಿ ಬೆರಸಿಕೊಳ್ಳುವ ಅನುಕೂಲವನ್ನು ಇಟ್ಟಿರುವರು, ಎಂ.ಎಕ್ಸ್.ಆರ್. ಸಂಸ್ಥೆಯ ಬೇಸ್ ಪೆಡಲಿನಲ್ಲಿ ಎರಡಕ್ಕೂ ಎರಡು ಬೇರೆ ಗುಬಟೆಗಳೇ ಇದ್ದು, ಒಟ್ಟು ಐದಾಗುತ್ತವೆ. ಮಾಳಿಗೆಯ ಯುವಕನ ಪುಟ್ಟ ಪೆಟ್ಟಿಗೆಯಲ್ಲಿ ಇಂಥ ಬೆರಕೆಗೆ ಅವಕಾಶವಿರಲಿಲ್ಲ. ನಡುವಿನ ಪಟ್ಟಿಯನ್ನು ಬಿಟ್ಟು, ಕೆಳಗಿನದೆಲ್ಲವನ್ನೂ ಉಳಿಸಿಕೊಳ್ಳುವ ಸ್ಥಾನಕ್ಕೆ ಗುಬಟೆಯನ್ನು ತಿರುಗಿಸಿಕೊಂಡು ಅವನು ಕಾಲ ಹಾಕುತ್ತಿದ್ದನು. ಚಿಕ್ಕದನ್ನು ಬಯಸಿದವನು ಬಿಟ್ಟುಕೊಡಬೇಕಾದುದು ಇಂಥ ಅನುಕೂಲಗಳನ್ನೇ. ಇನ್ನೂ ಚಿಕ್ಕವಾದ ಪೆಟ್ಟಿಗೆಗಳಲ್ಲಿ ಬ್ಯಾಟರಿ ಹಿಡಿಸುವ ಜಾಗವೂ ಇರುವುದಿಲ್ಲ. ಗುಬಟೆಗಳು ಹುರುಳಿಕಾಳಿನಷ್ಟಾಗಿ, ಗುಂಡಿಯನ್ನು ತುಳಿಯಹೋದ ಹೆಬ್ಬೆರಳು ಅವನ್ನೂ ತಿರುಗಿಸಿಬಿಡುವುದುಂಟು. ಆದರೂ, ಅಡಕೆ ಮರದ ಕಂಬಗಳ ಮೇಲೆ ಹಲಗೆ ಹಾಸಿ ಕಟ್ಟಿದ ಚೌತಿಯ ವೇದಿಕೆಯಲ್ಲಿ, ಒಂಬತ್ತು ಜನ ವಾದ್ಯಗಾರರೂ ಇಬ್ಬರು ಗಾಯಕರೂ ಒಬ್ಬ ನಿರೂಪಕನೂ ಭುಜಕ್ಕೆ ಭುಜ ತಾಗಿಸಿ ನಿಂತಿರುವಲ್ಲಿ, ನಿಘಂಟಿನ ಗಾತ್ರದ ಯಂತ್ರವನ್ನು ಇಡುವುದಾದರೂ ಎಲ್ಲಿ?

ಬ್ಯಾಟರಿಯಿಲ್ಲದ ಪೆಟ್ಟಿಗೆಗೆ ಗೋಡೆಯ ವಿದ್ಯುತ್ತೇ ಗತಿ. ಅದರಿಂದ ಗೊಂಯ್ ಎಂಬ ಗುಂಗು ಹತ್ತುವುದು ಸರ್ವಸಾಮಾನ್ಯ. ನಮ್ಮ ದೇಶದ ವಿದ್ಯುತ್ತಿನ ಕಂಪನ ಸೆಕೆಂಡಿಗೆ 50. ಬೇಸ್ ಗಿಟಾರಿನ ಕೆಳತಂತಿಯ ಮೂರನೆಯ ಮನೆಯಲ್ಲಿ ಹುಟ್ಟುವ ಸ್ವರ 49. ಎಂದರೆ, ಊರಿಗೆಲ್ಲ ಬೆಳಕು ಕೊಡುವ ಜಾಲವೇ ಹೆಚ್ಚುಕಡಿಮೆ ಒಂದು ಬೇಸ್ ಸ್ವರವನ್ನು ಹಗಲಿರುಳೂ ತಂಬೂರಿಯಂತೆ ಮೀಟುತ್ತಿರುವುದು. ಒಂದು ಕೂದಲೆಳೆಯಷ್ಟು ಅಪಶ್ರುತಿಯಲ್ಲಿ, ಅಷ್ಟೆ.

ಭದ್ರಾವತಿಯ ಇನ್ನೊಬ್ಬರ ವಿಷಯವನ್ನು ಹೇಳದಿದ್ದರೆ ಈ ಕಥೆ ಅಪೂರ್ಣ. 1918ರಲ್ಲಿ ಮೈಸೂರು ಸಂಸ್ಥಾನವು ಸ್ಥಾಪಿಸಿ, ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಕಬ್ಬಿಣದ ಕಾರ್ಖಾನೆಯಲ್ಲಿ ಉಪಕರಣಗಳ ದುರಸ್ತಿ ನೋಡಿಕೊಂಡು ನಿವೃತ್ತರಾದ ಅವರಿಗೆ ಸಂಗೀತದ ಗಂಧವಿಲ್ಲ. ಆದರೆ ನಾಲ್ಕು ತಿರುಪುಗಳಿರುವ ಯಾವ ವಸ್ತುವನ್ನಾದರೂ ಬಿಚ್ಚದೆ ಬಿಟ್ಟವರಲ್ಲ. ಯುವಕನು ಒಂದು ಭಾನುವಾರ ಪೆಟ್ಟಿಗೆಯನ್ನು ಅವರ ಮುಂದಿಟ್ಟಾಗ ನಾನೂ ಜೊತೆಗಿದ್ದೆ. ಹಿಂದಿನ ತಗಡನ್ನು ತೆಗೆದು, ಕನ್ನಡಕವನ್ನು ಹಣೆಗೇರಿಸಿ, ಬೇಳೆಗಾತ್ರದ ಬಿಡಿಭಾಗಗಳ ನಡುವೆ ಮುಚ್ಚಿದ ಕಪ್ಪು ಗುಳಿಗೆಯೊಂದನ್ನು ಮುಳ್ಳಿನ ತುದಿಯಿಂದ ತೋರಿಸಿ, "ಇದು ನಮ್ಮ ಕುಲುಮೆ ಕಣ್ಣಲ್ವೇನೋ" ಎಂದರು. ಕುಲುಮೆಯ ಜ್ವಾಲೆ ಉರಿಯುತ್ತಿದೆಯೋ ನಂದಿದೆಯೋ ಎಂಬುದನ್ನು ಅದರ ಬೆಳಕಿನಿಂದಲೇ ತಿಳಿದು ಹೇಳುವ ಉಪಕರಣದ ಪರಿಚಯ ಅವರಿಗಿದ್ದಿತು. ಇಲ್ಲಿಯೂ ತತ್ತ್ವವು ಅದೇ. ಆ ಗುಳಿಗೆಯ ಕತ್ತಲಲ್ಲಿ ಒಂದು ಪುಟ್ಟ ದೀಪವೂ ಅದರೆದುರಿಗೆ ಬೆಳಕು ಬಿದ್ದಷ್ಟೂ ತಡೆ ತಗ್ಗುವ ಒಂದು ರೋಧಕವೂ ಇವೆ. ತಂತಿಯನ್ನು ಬಲವಾಗಿ ಮೀಟಿದರೆ ದೀಪ ಪ್ರಜ್ವಲಿಸುವುದು, ರೋಧ ಇಳಿಯುವುದು, ಶೋಧಕ ತೆರೆಯುವುದು. ದೀಪ ಆರಿದ ಮೇಲೂ ರೋಧಕವು ಕತ್ತಲೆಗೆ ಹೊಂದಿಕೊಳ್ಳಲು ನಿಮಿಷಾರ್ಧದ ಶತಾಂಶದಷ್ಟು ತಡವರಿಸುವುದು. ಚಿತ್ರಮಂದಿರದೊಳಗೆ ಹೊಕ್ಕ ನಮ್ಮ ಕಣ್ಣಿನಂತೆ. ಬಲ್ಲವರು ಕೊಂಡಾಡುವ 'ವಾ'ದ ಮೆತ್ತನೆಯ ಇಳುವರಿ ಹುಟ್ಟುವುದು ಈ ತಡವರಿಕೆಯಿಂದಲೇ.

ಆ ಮಹನೀಯರು ಅಷ್ಟಕ್ಕೆ ಬಿಡದೆ, ಶಿವಮೊಗ್ಗೆಯ ಬಿಡಿಭಾಗಗಳ ಅಂಗಡಿಯಿಂದ ಸಾಮಾನು ತರಿಸಿ, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ತಾವೇ ಒಂದನ್ನು ಕಟ್ಟಿದರು. ಮನೆಯೊಳಗೆ ಅದು ಸೊಗಸಾಗಿ ನುಡಿಯಿತು. ತಂಪಾಗಿದೆಯೆಂದು ಅಂಗಳಕ್ಕೆ ತಂದು, ಮುಚ್ಚಳ ಹಾಕದೆಯೇ ಕಲ್ಲಿನ ಮೇಲಿಟ್ಟು ನುಡಿಸಿದರೆ, 'ವಾ' ಹೋಗಿ ಬರಿಯ 'ಆ' ಉಳಿಯಿತು. ಎಷ್ಟು ಮೆಲ್ಲಗೆ ಮೀಟಿದರೂ ಆ, ಎಷ್ಟು ಬಲವಾಗಿ ಮೀಟಿದರೂ ಆ. ತಂತಿಯನ್ನು ಎಳೆದು ನೋಡಿದರು, ಬೆಸುಗೆಯನ್ನು ಊದಿ ನೋಡಿದರು. ಅಷ್ಟರಲ್ಲಿ ಮೋಡವೊಂದು ಸೂರ್ಯನಿಗೆ ಅಡ್ಡ ಬಂದುದೇ ತಡ, ಡಬ್ಬಿಯು ತೊದಲುತ್ತ ಮತ್ತೆ ಸಂಧಿ ಮಾಡತೊಡಗಿತು. ತೆರೆದ ರೋಧಕದ ಮೇಲೆ ಬಿಸಿಲು ಬಿದ್ದು, ಬಾಗಿಲು ಮುಚ್ಚಲೇ ಆಗದಂತೆ ಹಿಡಿದು ನಿಲ್ಲಿಸಿತ್ತು! ಕಪ್ಪು ಪಟ್ಟಿಯನ್ನು ಸುತ್ತಿ ಮುಚ್ಚಳವಿಕ್ಕಿದ ಮೇಲೆ ಸರಿಹೋಯಿತು. ಆದರೂ ಭದ್ರಾವತಿಯ ಅಂಗಳದಲ್ಲಿ ಸೂರ್ಯನಾರಾಯಣನು ಬೇಸ್ ಗಿಟಾರ್ ನುಡಿಸಿದ ಆ ಎರಡು ನಿಮಿಷಗಳನ್ನು ನಾನು ಮರೆಯಲಾರೆ.

ವಾದ್ಯಗಾರರ ಜಗಳದ ಮೂಲವೇನೆಂಬುದು ನನಗೆ ಸ್ಪಷ್ಟವಾದುದು ನಮ್ಮ ಬೀದಿಯಲ್ಲೇ ಇರುವ ಮೃದಂಗ ವಿದ್ವಾಂಸರೊಬ್ಬರ ಮಾತಿನಿಂದ. ಅವರನ್ನು ಒಂದು ಸಂಜೆ ಮಾಳಿಗೆಗೆ ಕರೆದೊಯ್ದೆ. ಕಣ್ಣು ಮುಚ್ಚಿ ಹತ್ತು ನಿಮಿಷ ಕೇಳಿ, "ನಾದ ಚೆನ್ನಾಗಿದೆ. ಆದರೆ ಮೀಟಿದಾಗಲೆಲ್ಲ ಬಾಯಿ ತೆರೀತದೆ. ವಾಚಾಳಿ" ಎಂದರು. ಮೋರ್ಚಿಂಗಿನವನು ಮೆಲ್ಲಗೆ ಮಿಡಿದೂ ಬಾಯನ್ನು ಅಗಲವಾಗಿ ತೆರೆಯಬಲ್ಲನು, ಜೋರಾಗಿ ಮಿಡಿದೂ ಮುಚ್ಚಿಯೇ ಇಡಬಲ್ಲನು. ಅಲ್ಲಿ ಬಲ ಬೆರಳಿನದು, ಅರ್ಥ ನಾಲಗೆಯದು. ಕಾಲಿನಿಂದ ತೂಗುವ ಅಣ್ಣನಾದ ವಾ-ವಾ ಪೆಡಲಿಗೂ ಈ ಸ್ವಾತಂತ್ರ್ಯವುಂಟು. ತಮ್ಮನಿಗೆ ಇಲ್ಲ. ಅವನಿಗೆ ತಿಳಿಯುವುದು ಬಲವೊಂದೇ. ಭಾವವನ್ನು ಹೇಳಬೇಕಾದರೂ ಬಲದ ಮೂಲಕವೇ ಹೇಳಬೇಕು. ಆದುದರಿಂದ, ಹತ್ತು ಮೀಟುಗಳನ್ನೂ ಒಂದೇ ತೂಕದಲ್ಲಿ ಮೀಟುವವನ ಕೈಯಲ್ಲಿ ಇದು ನಿಜವಾಗಿಯೂ ಬಾತುಕೋಳಿ; ಒಂದೇ ಲಯದೊಳಗೆ ಮೃದುವನ್ನೂ ಘನವನ್ನೂ ಎಡೆಯರಿತು ಇಡಬಲ್ಲವನ ಕೈಯಲ್ಲಿ ಮಾತ್ರ ಇದು ಮಾತನಾಡುವುದು. ಪೆಟ್ಟಿಗೆಯನ್ನು ಹೊಗಳುವವರೂ ತೆಗಳುವವರೂ ತಮಗರಿಯದಂತೆ ತಮ್ಮ ತಮ್ಮ ಬಲಗೈಗಳನ್ನೇ ವಿಮರ್ಶಿಸಿಕೊಳ್ಳುತ್ತಿರುವರೆಂದು ನನಗೆ ತೋರಿತು. ಬಾತುಕೋಳಿಯ ಹೆಸರಿಟ್ಟ ಹಿರಿಯರಿಗೆ ಇದನ್ನು ತಿಳಿಸುವ ಧೈರ್ಯ ಇನ್ನೂ ಬಂದಿಲ್ಲ.

ಪೆಡಲ್‌ಗಳ ಸಾಲಿನಲ್ಲಿ ಇದರ ಸ್ಥಾನವನ್ನು ಕುರಿತ ವಿವಾದಕ್ಕೂ ಇದೇ ಕೀಲಿಕೈ. ನಾದವನ್ನು ಒರಟುಗೊಳಿಸುವ ಡಿಸ್ಟಾರ್ಷನ್ನನ್ನು ಮೊದಲಿಟ್ಟು ಇದನ್ನು ಅನಂತರ ಇಟ್ಟರೆ, ಎತ್ತರ ತಗ್ಗುಗಳೆಲ್ಲ ನಾಟಿಗೆ ಹದಮಾಡಿದ ಗದ್ದೆಯಂತೆ ಸಮತಟ್ಟಾಗಿ, ಪೆಟ್ಟಿಗೆಗೆ ಓದಿಕೊಳ್ಳಲು ರೇಖೆಯೇ ಉಳಿಯದು. ತಂತಿಯಿಂದ ಹೊರಟ ನಾದವು ಮೊದಲು ಇದನ್ನೇ ಹೊಕ್ಕು ಬರಲಿ ಎಂಬುದು ಬಹುಮತ. ಅಲ್ಪಮತದವರು ಬೇಕೆಂದೇ ತಿರುವುಮುರುವು ಮಾಡಿ, ಹೊಲಸಾದರೂ ಹೊಸದಾದ ನಾದವೊಂದನ್ನು ಪಡೆದು ಸಂತೋಷಪಡುವರು. ಅವರನ್ನು ಅವರ ಪಾಡಿಗೆ ಬಿಡುವುದು ಲೇಸು.

ಚೌತಿಯ ರಾತ್ರಿ ಯುವಕನು ನುಡಿಸಿದ ರೀತಿ ಬದಲಾಗಿತ್ತು. 'ಸಂತೋಷಕ್ಕೆ' ಹಾಡಿನ ಮೊದಲ ಚರಣ ಪೂರ್ತಿ ಅವನ ಬೆರಳು ತಂತಿಯ ಮೇಲೆ ತೂಕವಿಡಲೇ ಇಲ್ಲ. ಕೆಂಪು ದೀಪ ಉರಿಯುತ್ತಿದ್ದುದರಿಂದ ಪೆಟ್ಟಿಗೆ ಚಾಲನೆಯಲ್ಲಿದೆಯೆಂದು ಗೊತ್ತಾಗುತ್ತಿತ್ತೇ ಹೊರತು ಬಾಗಿಲು ಮುಚ್ಚಿಯೇ ಇದ್ದಿತು, ನಾದವು ಕಂಬಳಿ ಹೊದ್ದು ಮಲಗಿದಂತಿದ್ದಿತು. ಪಲ್ಲವಿಗೆ ಮರಳುವ ಎಡೆಯಲ್ಲಿ ಒಂದೇ ಒಂದು ಸ್ವರವನ್ನು ಹೊಡೆದನು. ವೇದಿಕೆಯ ಮುಂದೆ ಮಕ್ಕಳು ತಿರುಗಿ ನೋಡಿದರು. ಪಕ್ಕದಲ್ಲಿದ್ದ ವಿದ್ವಾಂಸರು ಏನನ್ನೂ ಹೇಳಲಿಲ್ಲ. ತೊಡೆಯ ಮೇಲಿನ ಅವರ ಕೈ ಮಾತ್ರ ಅಲ್ಲಿಯವರೆಗೆ ಹಿಡಿದಿದ್ದ ತಾಳವನ್ನು ಬಿಟ್ಟು ಒಂದು ಸಲ ಮೇಲೆದ್ದಿತು.

ಹಬ್ಬ ಕಳೆದ ಮೇಲೊಂದು ದಿನ, ಯಾರೂ ಇಲ್ಲದ ಹೊತ್ತು ನೋಡಿ, ಆ ಬೇಸನ್ನು ಒಮ್ಮೆ ನನ್ನ ಕೊರಳಿಗೂ ಹಾಕೆಂದು ಕೇಳಿದೆ. ಅದು ತೂಕದಲ್ಲಿ ಒನಕೆಯಂತಿದ್ದಿತು. ಹೆದರಿ ಹೆದರಿ ತಂತಿಯನ್ನು ಮುಟ್ಟಿದೆ. ಪೆಟ್ಟಿಗೆ 'ಉಂ' ಎಂದು ಸುಮ್ಮನಾಯಿತು. "ಇನ್ನೂ ಸ್ವಲ್ಪ ಜೋರಾಗಿ ಸಾರ್" ಎಂದನು. ಮತ್ತೆ ಮೀಟಿದೆ. ಬಾಗಿಲು ಅರೆತೆರೆದು 'ಉವ' ಎಂದು ಮುಚ್ಚಿಕೊಂಡಿತು: ಯಣ್ ಸಂಧಿಯಾಗಲಿಲ್ಲ, 'ಗುರುವನ್ನು' ಎಂಬಲ್ಲಿಯಂತೆ ವಕಾರಾಗಮವಾಯಿತು. ಹುಡುಗನು ನಕ್ಕನು, ವ್ಯಾಕರಣ ತಿಳಿದು ನಕ್ಕವನಲ್ಲ. ಸಂಸ್ಕೃತ ಸಂಧಿಗೆ ಬೇಕಾದ ಬಲ ಈ ವಯಸ್ಸಿನಲ್ಲಿ ನನ್ನ ಬೆರಳಿಗಿಲ್ಲ, ಕನ್ನಡ ಸಂಧಿಯೇ ಸಾಕೆಂದು ಒನಕೆಯನ್ನು ಅವನಿಗೊಪ್ಪಿಸಿ, ಕೊಡೆಯನ್ನು ಹುಡುಕಿಕೊಂಡು ಮೆಟ್ಟಿಲಿಳಿದೆನು.